ನಾಡನ್ನರಿಯುವ ಪ್ರವಾಸ ಎಲ್ಲಿಗೆ ಮುಗಿಯಬೇಕು?

ಯುವಜನರಲ್ಲಿ ನಾಯಕತ್ವವನ್ನು ಬೆಳೆಸುವ ಉದ್ದೇಶದಿಂದ ಏರ್ಪಡುವ ಪ್ರವಾಸಗಳಿಗೆ ಈಗ ಕೊರತೆಯಿಲ್ಲ. ಶಾಲಾ ಮಕ್ಕಳಿಗೆ ‘ಚಿಣ್ಣರ ಕರ್ನಾಟಕ ದರ್ಶನ’ವಿದೆ, ಕಾಲೇಜು ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಿವೆ. ‘ಏಕ ಭಾರತ ಶ್ರೇಷ್ಠ ಭಾರತ’ ಯೋಜನೆಯು ಕರ್ನಾಟಕವನ್ನು ಉತ್ತರಾಖಂಡದೊಡನೆ ಜೋಡಿಸಿದೆ. ಇವೆಲ್ಲವೂ ಒಳ್ಳೆಯವೇ. ಆದರೆ ಹಿಮಾಲಯದ ತಪ್ಪಲನ್ನು ಕಂಡು ಬರುವ ಕನ್ನಡ ವಿದ್ಯಾರ್ಥಿಗೆ ಪಾವಗಡದಾಚೆಯ ಊರಿನಲ್ಲಿ ಕನ್ನಡ ಶಾಲೆಯಿದೆಯೆಂಬ ಸಂಗತಿ ತಿಳಿಯದಿದ್ದರೆ, ಆ ಅರಿವಿನಲ್ಲಿ ಏನೋ ಊನವಿದೆ. ‘ತನ್ನ ನಾಡನ್ನು ತಾನು ತಿಳಿಯುವ’ ಪ್ರವಾಸದಲ್ಲಿ ಹಂಪಿ, ಬೇಲೂರು, ಜೋಗಗಳಷ್ಟೇ ಅಲ್ಲದೆ, ಒಂದು ದಿನವಾದರೂ ರಾಯದುರ್ಗ ಮತ್ತು ಮಡಕಶಿರಾಗಳಿಗೆ ಸಲ್ಲಬೇಕು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಮಟ್ಟಿಗಂತೂ ಇದು ಅಧ್ಯಯನದ ಅಂಗವೇ ಆಗಬೇಕು.

ರಾಜ್ಯ ಬೇರೆ, ನಾಡು ಬೇರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಾವೇರಿ, ಗೋದಾವರಿಗಳ ನಡುವೆ ಕನ್ನಡದ ನೆಲೆಯನ್ನು ಗುರುತಿಸಿತು. ಇಂದಿನ ಗಡಿರೇಖೆ ಆಡಳಿತ ಎಳೆದದ್ದು. ಅದಕ್ಕೆ ತಾರೀಖುಗಳಿವೆ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಪ್ರದೇಶಗಳು ಕಂಪನಿಯ ವಶವಾದವು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಲಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಹೊಸಪೇಟೆ, ಸಂಡೂರು, ಕೂಡ್ಲಿಗಿ ಮೊದಲಾದವು ಮೈಸೂರಿಗೆ ಬಂದವು. ಮೂರು ದಿಕ್ಕುಗಳಲ್ಲಿ ಕರ್ನಾಟಕವನ್ನೇ ನೆರೆಯಾಗಿ ಪಡೆದ ಮಡಕಶಿರಾ ಆಂಧ್ರದಲ್ಲಿಯೇ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಅದು ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ, ರಾಜ್ಯಗಳ ಹೆಸರು ಹೀಗೆ ಬದಲಾಗುತ್ತಿದ್ದರೂ ಮನೆಯೊಳಗಿನ ಮಾತು ಅಷ್ಟು ಬೇಗ ಬದಲಾಗಲಿಲ್ಲ.

ಒಂದು ದಿನದ ಪ್ರವಾಸದಲ್ಲಿ ಇದನ್ನೆಲ್ಲ ಕಾಣಲಾದೀತೇ ಎಂದು ಕೇಳಬಹುದು. ಬೆಳಿಗ್ಗೆ ಬಳ್ಳಾರಿಯಿಂದ ಹೊರಟು ರಾಯದುರ್ಗ ತಲುಪಿದರೆ, ಕೋಟೆಯ ಬೆಟ್ಟವನ್ನೂ ಅಲ್ಲಿಯ ಜೈನ ಶಿಲ್ಪಗಳನ್ನೂ ನೋಡಬಹುದು. ಬೆಟ್ಟದ ಕೆಳಗಿನ ಊರಿನಲ್ಲಿ, ಬಳ್ಳಾರಿಯಲ್ಲಿರುವಂತೆಯೇ, ಜೀನ್ಸ್ ಉಡುಪುಗಳ ಹೊಲಿಗೆ ಅನೇಕ ಮನೆಗಳ ಜೀವನೋಪಾಯ. ಅಶೋಕನ ಶಾಸನದಿಂದ ಪ್ರಸಿದ್ಧವಾದ ಬ್ರಹ್ಮಗಿರಿ ಇಲ್ಲಿಗೆ ಸಮೀಪದ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಶಾಸನ ಕರ್ನಾಟಕದ ಪಾಲಿಗೆ, ದುರ್ಗ ಆಂಧ್ರದ ಪಾಲಿಗೆ. ಎರಡನ್ನೂ ಹೊತ್ತ ಬಂಡೆಗಾಡು ಮಾತ್ರ ಒಂದೇ.

ಅಲ್ಲಿಂದ ಕಲ್ಯಾಣದುರ್ಗ, ಪಾವಗಡಗಳ ದಾರಿ ಹಿಡಿದರೆ ಪ್ರವಾಸಿಗಳು ಆಂಧ್ರದಿಂದ ಕರ್ನಾಟಕಕ್ಕೆ ಬಂದು, ಮತ್ತೆ ಆಂಧ್ರವನ್ನು ಹೊಗುತ್ತಾರೆ. ನಿರ್ಮಾಣದಲ್ಲಿರುವ ತುಮಕೂರು–ರಾಯದುರ್ಗ ರೈಲುಮಾರ್ಗವೂ ಹೀಗೆಯೇ ಗಡಿಯನ್ನು ದಾಟುತ್ತ ಸಾಗುತ್ತದೆ. ಸಂಜೆಯ ಹೊತ್ತಿಗೆ ಮಡಕಶಿರಾ ಸೀಮೆಯ ಅಮರಾಪುರದ ಬಳಿಯ ಹೇಮಾವತಿಯನ್ನು ಸೇರಬಹುದು. ಶಾಸನಗಳ ಹೆಂಜೇರು ಇದೇ. ನೊಳಂಬವಾಡಿಯನ್ನಾಳಿದ ನೊಳಂಬರ ರಾಜಧಾನಿ. ದೊಡ್ಡೇಶ್ವರ, ಸಿದ್ಧೇಶ್ವರ ದೇವಾಲಯಗಳೂ ಕನ್ನಡ ಶಾಸನಗಳೂ ಇಲ್ಲಿವೆ. ಚೋಳರು ಒಯ್ದ ನೊಳಂಬ ಕಂಬಗಳನ್ನು ಕಲಾ ಇತಿಹಾಸಕಾರರು ಕಾವೇರಿ ತೀರದ ತಿರುವಯ್ಯಾರಿನಲ್ಲಿ ಗುರುತಿಸಿದ್ದಾರೆ. ಪಠ್ಯದಲ್ಲಿ ನೊಳಂಬರ ಹೆಸರನ್ನು ಬರೆದು ಅಂಕ ಪಡೆಯುವ ವಿದ್ಯಾರ್ಥಿಗೆ ಅವರ ರಾಜಧಾನಿ ‘ಹೊರರಾಜ್ಯ’ದಲ್ಲಿದೆ ಎಂಬುದು ಅಲ್ಲಿ ನಿಂತಾಗಲೇ ಮನದಟ್ಟಾಗುತ್ತದೆ.

ಆದರೆ ಕಲ್ಲುಗಳನ್ನು ನೋಡಿ ಮರಳಿದರೆ ಪ್ರವಾಸ ಅರ್ಧವೇ ಆದಂತೆ. ಇಂದು ಕಾಳಜಿ ಬೇಕಾದುದು ಕಲ್ಲಿನ ಕನ್ನಡಕ್ಕಿಂತ ಮಕ್ಕಳ ಬಾಯಿಯ ಕನ್ನಡಕ್ಕೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ದೊರಕಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ಈ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿಯೇ ಇದೆ. ಅದರಂತೆ ಈ ಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಆದರೆ ಆ ಮಗು ಮುಂದೆ ಎದುರಿಸುವ ಉದ್ಯೋಗ ಪರೀಕ್ಷೆ, ಕಚೇರಿಯ ಅರ್ಜಿ, ಅಂಗಡಿಯ ಫಲಕ ಎಲ್ಲವೂ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ‘ಕನ್ನಡ ಓದಿ ಮುಂದೇನು?’ ಎಂದು ತಾಯ್ತಂದೆಯರು ಕೇಳಿದರೆ ಅದನ್ನು ಅಭಿಮಾನಶೂನ್ಯತೆ ಎಂದು ತಳ್ಳಿಹಾಕಲಾಗದು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೊಣೆಯಲ್ಲಿ ಗಡಿಯ ಈಚೆಯ ಕನ್ನಡ ವಿಭಾಗಗಳಿಗೂ ಪಾಲಿದೆ. ಅಲ್ಲಿಂದ ಬರುವ ವಿದ್ಯಾರ್ಥಿಗೆ ಪ್ರವೇಶದ ಮಾಹಿತಿ, ಓದುವ ಪುಸ್ತಕ, ಉಳಿಯಲು ನೆಲೆ, ಇಷ್ಟನ್ನು ಒದಗಿಸಲಾಗದೆ ರಾಜ್ಯೋತ್ಸವದ ದಿನ ಗಡಿನಾಡಿನ ಹೆಸರೆತ್ತುವುದು ಬರಿಯ ಉಪಚಾರ.

ಇಂಥ ಪ್ರವಾಸ ಗಡಿವಿವಾದವನ್ನು ಕೆದಕೀತು ಎಂಬ ಆಕ್ಷೇಪವೂ ಇದೆ. ಅದು ಅಲಕ್ಷಿಸಬೇಕಾದುದಲ್ಲ. ಬಾವುಟ ಹಿಡಿದು, ಘೋಷಣೆ ಕೂಗುತ್ತ ಹೋದರೆ ಆ ಭಯ ನಿಜವೇ ಆಗುತ್ತದೆ. ಪ್ರವಾಸಿಗಳು ಸಂಜೆಗೆ ಮರಳುತ್ತಾರೆ, ನೆರೆಯವರೊಡನೆ ಬಾಳಬೇಕಾದವರು ಅಲ್ಲಿಯೇ ಉಳಿಯುತ್ತಾರೆ. ಭಾಷೆಯ ನಂಟು ನೆಲದ ಮೇಲಿನ ಹಕ್ಕೊತ್ತಾಯವಲ್ಲ. ಮಡಕಶಿರಾದ ಕನ್ನಡಿಗನಿಗೆ ಬಯಸುವ ನ್ಯಾಯವನ್ನು, ಬಹುಪಾಲು ಆಂಧ್ರದಿಂದ ಸುತ್ತುವರಿದ ಪಾವಗಡದ ತೆಲುಗು ಮನೆಮಾತಿನವನಿಗೂ ಬಯಸಬೇಕು. ಇದೇ ಅನಂತಪುರ ಜಿಲ್ಲೆಯಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಬೋಧಿಸಿ, ತೆಲುಗು ಕನ್ನಡಗಳೆರಡರಲ್ಲಿಯೂ ಬರೆದರು. ‘ಗಾನಕಲೆ’ ಅವರ ಕನ್ನಡ ಕೃತಿ. ಎರಡು ಭಾಷೆಗಳ ನಡುವೆ ಬಾಳುವುದು ಕೊರತೆಯಲ್ಲ, ಸಂಪತ್ತು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ನಾಯಕತ್ವದ ಪಾಠವೆಲ್ಲಿ? ಶಿಬಿರಗಳಲ್ಲಿ ನಾಯಕತ್ವವೆಂದರೆ ಬಹುಮಟ್ಟಿಗೆ ವೇದಿಕೆಯ ಮೇಲೆ ಮಾತನಾಡುವ ಕಲೆ. ಗಡಿಯೂರಿನ ಒಂದು ದಿನ ಕಲಿಸುವುದು ಕೇಳುವ ಕಲೆಯನ್ನು. ಶಾಲೆಯೊಂದರ ಒಪ್ಪಿಗೆ ಪಡೆದು ಒಂದು ತರಗತಿಯಲ್ಲಿ ಸುಮ್ಮನೆ ಕುಳಿತುಕೊಳ್ಳುವುದು, ಹಿರಿಯರಿಂದ ತೆಲುಗಿನೊಡನೆ ಬೆರೆತ ಕನ್ನಡದ ನುಡಿಗಳನ್ನು ಬರೆದುಕೊಳ್ಳುವುದು, ಅದನ್ನು ‘ಅಶುದ್ಧ’ವೆಂದು ತಿದ್ದದಿರುವುದು, ಮಕ್ಕಳ ಓದಿಗೆ ಬೇಕಾದ ಪುಸ್ತಕಗಳ ಪಟ್ಟಿ ಮಾಡಿ, ಮರಳಿದ ಮೇಲೆ ಕಳುಹಿಸಿಕೊಡುವುದು, ಮುಂದಿನ ವರ್ಷ ಅದೇ ಊರಿಗೆ ಮತ್ತೆ ಹೋಗುವುದು. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಮುಖ್ಯವಾದುದೂ ಹೌದು. ಒಮ್ಮೆ ಬಂದು ಹೋದವರು ನೋಟಕರು; ಮತ್ತೆ ಬಂದವರನ್ನು ಊರು ನೆಂಟರೆಂದು ಕರೆಯುತ್ತದೆ.

ಈ ವರ್ಷದ ಅಧ್ಯಯನ ಪ್ರವಾಸದ ಪಟ್ಟಿ ಸಿದ್ಧವಾಗುವಾಗ ವಿದ್ಯಾರ್ಥಿಗಳು ಈ ಎರಡು ಹೆಸರುಗಳನ್ನು ಅದರಲ್ಲಿ ಸೇರಿಸುವಂತೆ ಕೇಳಬೇಕು. ನಾಯಕತ್ವ ಅಲ್ಲಿಂದಲೇ ಆರಂಭವಾಗಬಹುದು.