ಹೊಸ ಟೈರೂ ಹೆಂಗಸರ ಗಾಡಿಯೂ

ಹೊಸ ಟೈರು ಜಾರುತ್ತದೆ. ಸವೆದ ಟೈರು ಜಾರುವುದು ಎಲ್ಲರಿಗೂ ಗೊತ್ತು. ಹೊಸದು, ಹೊಸದಾಗಿರುವ ಕಾರಣಕ್ಕೇ ಜಾರುತ್ತದೆ ಎನ್ನುವುದು ಗೊತ್ತಿರುವವರು ಕಡಿಮೆ. ಗೊತ್ತಿರುವವರೂ ಅದನ್ನು ನಮಗೆ ಹೇಳುವ ಗೋಜಿಗೆ ಹೋಗುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ನಮ್ಮ ಬೀದಿಯ ಶಿಕ್ಷಕಿಯೊಬ್ಬರು ಕಳೆದ ಮಳೆಗಾಲದಲ್ಲಿ ಸ್ಕೂಟರಿಗೆ ಎರಡೂ ಟೈರು ಹೊಸದಾಗಿ ಹಾಕಿಸಿದರು. ಅಂಗಡಿಯವನು ದುಡ್ಡು ಎಣಿಸಿಕೊಂಡ, ಹಳೆಯ ಟೈರು ಬೇಕಾ ಮೇಡಂ ಎಂದೂ ಕೇಳಿದ. ಹೊಸದರ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಅದೇ ಸಂಜೆ ತುಂತುರು ಮಳೆಯಲ್ಲಿ, ಮಾರ್ಕೆಟ್ಟಿನ ತಿರುವಿನಲ್ಲಿ ಗಾಡಿ ಜಾರಿತು. ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರು. ನೋಡಲು ಬಂದವರೆಲ್ಲ ಬಾಳೆಹಣ್ಣಿನ ಜೊತೆಗೆ ಒಂದೇ ತೀರ್ಪನ್ನೂ ತಂದರು: "ಹೆಂಗಸರು ಗಾಡಿ ಓಡಿಸಿದರೆ ಇನ್ನೇನಾಗುತ್ತೆ?" ಯಜಮಾನರು ಗಾಡಿ ಮಾರುವ ಮಾತೆತ್ತಿದರು. ಟೈರಿನ ಮಾತನ್ನು ಯಾರೂ ಎತ್ತಲಿಲ್ಲ.

ಇದನ್ನು ನನ್ನ ಅಣ್ಣನ ಮಗಳಿಗೆ ಹೇಳಿದೆ. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ದೊಡ್ಡ ಬೈಕು ಇಟ್ಟುಕೊಂಡಿದ್ದಾಳೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಆಗಾಗ ಹೋಗುತ್ತಾಳೆ. ಶುಲ್ಕ ಕಟ್ಟಿ, ಚರ್ಮದ ಉಡುಪು ತೊಟ್ಟು, ಸಾಮಾನ್ಯ ಸವಾರರೂ ಅಲ್ಲಿ ಓಡಿಸುವ ದಿನಕ್ಕೆ 'ಟ್ರ್ಯಾಕ್ ಡೇ' ಎನ್ನುತ್ತಾರಂತೆ. "ಅಯ್ಯೋ ಅತ್ತೆ, ಹೊಸ ಟೈರಲ್ಲಿ ಮೊದಲನೇ ದಿನವೇ ಯಾರಾದ್ರೂ ಗಾಡಿ ಬಾಗಿಸ್ತಾರಾ? ನಮ್ಮಲ್ಲಿ ಅದು ಮೊದಲ ಪಾಠ" ಎಂದಳು.

ಆ ಪಾಠ ಕಷ್ಟದ್ದೇನಲ್ಲ, ಕೇಳಿ. ಟೈರು ಅಚ್ಚಿನಲ್ಲಿ ಬೆಂದು ಹೊರಬರುವಾಗ ಅದರ ಮೈ ನುಣುಪಾಗಿ ಹೊಳೆಯುತ್ತಿರುತ್ತದೆ. ರಸ್ತೆಯ ಮೇಲೆ ಉಜ್ಜಿ ಆ ನುಣುಪು ಹೋಗುವವರೆಗೆ ಹಿಡಿತ ಪೂರ್ತಿ ಬರುವುದಿಲ್ಲ. ರಿಮ್ಮಿಗೆ ಕೂರಿಸುವಾಗ ಸೋಪಿನ ನೀರು ಹಚ್ಚಿದ್ದರೆ ಅದೂ ಆರಬೇಕು. ಅದಕ್ಕೇ ಮೊದಲ 160 ಕಿಲೋಮೀಟರು ಮೆಲ್ಲಗೆ ಓಡಿಸಿ ಎನ್ನುತ್ತಾರೆ. ಗಕ್ಕನೆ ಬ್ರೇಕು ಬೇಡ, ಜೋರಾಗಿ ಎಳೆಯುವುದು ಬೇಡ, ತಿರುವಿನಲ್ಲಿ ಬಾಗಿಸುವುದು ಬೇಡ. ಇನ್ನೊಂದು ಸೂಕ್ಷ್ಮವಿದೆ: ನೇರ ರಸ್ತೆಯಲ್ಲಿ ಎಷ್ಟು ಓಡಿಸಿದರೂ ಪಳಗುವುದು ಟೈರಿನ ನಡುಭಾಗ ಮಾತ್ರ. ಅಂಚುಗಳು ಇನ್ನೂ ಹೊಸದಾಗಿಯೇ ಇರುತ್ತವೆ. ಅವನ್ನು ಒಣ ರಸ್ತೆಯ ತಿರುವುಗಳಲ್ಲಿ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಾಗಿಸಿ ಪಳಗಿಸಬೇಕು. ರೇಸಿನವರೂ ಮೊದಲ ಕೆಲವು ಸುತ್ತು ಹೀಗೇ ನಿಧಾನವಾಗಿ ಓಡಿಸಿ, ಟೈರಿಗೆ ಬಿಸಿ ಹತ್ತಿಸಿ, ಆಮೇಲೆ ವೇಗಕ್ಕೆ ಇಳಿಯುತ್ತಾರೆ. ಮರಳು ಕಾಗದದಿಂದ ಉಜ್ಜುವುದು, ಪೆಟ್ರೋಲಿನಲ್ಲಿ ಒರೆಸುವುದು, ಇವೆಲ್ಲ ಬೀದಿ ಮೂಲೆಯ ವೈದ್ಯ. ಹೊಳಪು ಬರಲೆಂದು ನೆಲಕ್ಕೆ ತಾಗುವ ಮೈಗೂ ಪಾಲಿಶ್ ಬಳಿಯುವುದಂತೂ ಜಾರುವುದಕ್ಕೆ ನಾವೇ ಕೊಟ್ಟ ಆಹ್ವಾನ.

ವೇಗದ ಬೈಕಿನವರಿಗೆ ಸರಿ, ಮೂವತ್ತರಲ್ಲಿ ಹೋಗುವ ಸ್ಕೂಟರಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಅವರಿಗೆ ನನ್ನದೊಂದು ಲೆಕ್ಕ. ಟ್ರ್ಯಾಕಿನಲ್ಲಿ ರಸ್ತೆ ಶುಚಿಯಾಗಿರುತ್ತದೆ, ಎದುರಿನಿಂದ ವಾಹನ ಬರುವುದಿಲ್ಲ, ಬಿದ್ದರೆ ಎತ್ತಲು ಆಂಬುಲೆನ್ಸು ನಿಂತಿರುತ್ತದೆ. ನಮ್ಮ ಮಾರ್ಕೆಟ್ಟಿನ ತಿರುವಿನಲ್ಲಿ ಸಗಣಿ, ಕೊಳೆತ ಸೊಪ್ಪು, ಚೆಲ್ಲಿದ ಆಯಿಲ್, ಅದರ ಮೇಲೆ ಮಳೆ. ಸ್ಕೂಟರಿನ ಮುಂದೆ ಅಕ್ಕಿ ಚೀಲ, ಹಿಂದೆ ಮಗು. ಶಾಲೆಗೆ ಹೋಗಿಬರುವುದು ದಿನಕ್ಕೆ 8 ಕಿಲೋಮೀಟರು ಎಂದುಕೊಂಡರೆ 160 ಮುಗಿಯಲು 20 ದಿನ ಬೇಕು. ಇಪ್ಪತ್ತು ದಿನ ಜೋಪಾನ ಮಾಡಬೇಕಾದವಳಿಗೆ ಒಂದು ಮಾತೂ ಹೇಳದೆ ಕಳಿಸುವುದು ಯಾವ ನ್ಯಾಯ?

ಗಂಡಸರಿಗೂ ಅಂಗಡಿಯವರು ಹೇಳುವುದಿಲ್ಲವಲ್ಲ ಎನ್ನಬಹುದು. ಒಪ್ಪಿದೆ. ಆದರೆ ಗಂಡಸು ಬಿದ್ದರೆ ತಪ್ಪು ರಸ್ತೆಯದು, ಮಳೆಯದು, ಅಡ್ಡ ಬಂದ ನಾಯಿಯದು. ಹೆಂಗಸು ಬಿದ್ದರೆ ತಪ್ಪು ಹೆಂಗಸಿನದು. ಅವನ ಗಾಡಿ ರಿಪೇರಿಗೆ ಹೋಗುತ್ತದೆ, ಇವಳ ಗಾಡಿ ಮಾರಾಟಕ್ಕೆ ಹೋಗುತ್ತದೆ. ಗಾಡಿಯ ಜೊತೆ ಅವಳ ಸಂಜೆಯ ಟ್ಯೂಷನ್ನು, ಬ್ಯಾಂಕಿನ ಓಡಾಟ, ತವರಿಗೆ ಹೋಗಿಬರುವ ಸ್ವಾತಂತ್ರ್ಯ ಎಲ್ಲವೂ ಹೋಗುತ್ತದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಕಳೆದುಹೋದ ಬೀಗದ ಕೈ ಮತ್ತೆ ಸಿಗುವುದು ಕಷ್ಟ.

ಹೆಂಗಸರಿಗೆ ಯಂತ್ರ ಅರ್ಥವಾಗದು ಎಂಬ ಮಾತನ್ನು ನಾನು ನಂಬುವುದಿಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮೋಟಾರ್ ಸೈಕಲ್ಲಿನ ಬಾಹಾ ವಿಶ್ವಕಪ್ಪನ್ನು ಮಹಿಳಾ ವಿಭಾಗದಲ್ಲಿ ಗೆದ್ದರು. ಅಷ್ಟು ದೂರ ಯಾಕೆ? ಹೊಸ ಕಾವಲಿಯನ್ನು ಎಣ್ಣೆ ಸವರಿ, ಹದ ಬೆಂಕಿಯಲ್ಲಿ ಕಾಯಿಸಿ, ನಾಲ್ಕಾರು ದಿನ ಪಳಗಿಸಿದ ಮೇಲೇ ದೋಸೆ ಹುಯ್ಯುವವರು ನಾವು. ಹೊಸ ವಸ್ತುವಿಗೆ ಹದ ಬರಬೇಕೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಟೈರಿಗೂ ಹದ ಬೇಕು ಎಂದು ಒಮ್ಮೆ ಹೇಳಿದರೆ ಸಾಕಿತ್ತು.

ಹೇಳದಿದ್ದರೆ ನಾವೇ ಕೇಳೋಣ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 2324 ಎಂದಿದ್ದರೆ ಅದು 2024ರ 23ನೇ ವಾರ ತಯಾರಾದದ್ದು. ಬಾಣದ ಗುರುತಿದ್ದರೆ ಅದು ಚಕ್ರ ತಿರುಗುವ ದಿಕ್ಕಿಗೇ ಇದೆಯೇ ನೋಡಿ. ಗಾಳಿ ಎಷ್ಟು ಹಾಕಿದಿರಿ ಎಂದು ಕೇಳಿ. ಮೀಟರಿನ ಕಿಲೋಮೀಟರು ಬರೆದಿಟ್ಟುಕೊಳ್ಳಿ, 160 ಕೂಡಿಸಿ, ಅಲ್ಲಿಯವರೆಗೆ ಮೆಲ್ಲಗೆ ಹೋಗಿ. ಹಿಂದಿನವನು ಹಾರನ್ ಹೊಡೆದರೆ ಹೊಡೆದುಕೊಳ್ಳಲಿ. ಮತ್ತೆ, ಇನ್ನೊಬ್ಬಳು ಬಿದ್ದಳೆಂದು ಬಾಳೆಹಣ್ಣು ಹಿಡಿದು ನೋಡಲು ಹೋದಾಗ ತೀರ್ಪು ಕೊಡುವ ಮೊದಲು ಒಂದು ಮಾತು ಕೇಳಿ: "ಟೈರು ಯಾವಾಗ ಹಾಕಿಸಿದ್ದು?"