ತುಂಬೆ ಕಿತ್ತು ಹುಲ್ಲು ಹಾಸಬೇಕಂತೆ!

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಮೂರನೇ ಪುಟದಲ್ಲಿ ಬಂದ ಫೋಟೊ ನೋಡಿದೆ. ‘ಬರದ ನಾಡಲ್ಲೊಂದು ಹಸಿರ ಸಿರಿ’ ಎಂಬ ತಲೆಬರಹ. ಕೆಳಗೆ ನಮ್ಮ ಬಡಾವಣೆಯ ಮನೆದೋಟ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದ ಹುಲ್ಲುಹಾಸು. ಅದರ ಮೇಲೆ ಬೂಟು ಹಾಕಿಕೊಂಡೇ ನಿಂತು ಕಪ್ ಹಿಡಿದ ಗಣ್ಯರು. ಸಂತೋಷ. ಆ ಸಿರಿಯ ಹಿಂದೆ ವಾರಕ್ಕೆ ಎಷ್ಟು ಟ್ಯಾಂಕರ್ ಬಂದು ನಿಲ್ಲುತ್ತವೆ ಎಂದು ತಮ್ಮ ವರದಿಗಾರರು ಒಂದು ಮಾತು ಕೇಳಿದ್ದರೆ ತಲೆಬರಹ ಬೇರೆಯೇ ಆಗುತ್ತಿತ್ತು.

ಅದೇ ಸ್ಪರ್ಧೆಯಲ್ಲಿ ನನ್ನ ತೋಟಕ್ಕೆ ಕೊನೆಯ ಸ್ಥಾನ. ಹೊಟ್ಟೆಕಿಚ್ಚಿಗೆ ಬರೆಯುತ್ತಿದ್ದಾಳೆ ಎನ್ನುವವರು ಧಾರಾಳವಾಗಿ ಅನ್ನಲಿ. ಸ್ಥಾನ ಹೋದರೆ ಹೋಗಲಿ, ಅದರ ಬೆನ್ನಿಗೇ ನಿವಾಸಿಗಳ ಸಂಘದಿಂದ ಬಂದ ಚೀಟಿ ನೋಡಿ ಮೈ ಉರಿಯಿತು. ಮನೆ ಮುಂದಿನ ‘ಕಳೆ, ಮುಳ್ಳು ಮತ್ತು ಕಸ’ವನ್ನು ಹದಿನೈದು ದಿನದೊಳಗೆ ತೆಗೆಸಿ ಬಡಾವಣೆಯ ಅಂದ ಕಾಪಾಡಬೇಕಂತೆ. ಕಳೆ ಎಂದರೆ ನನ್ನ ತುಂಬೆ. ಮುಳ್ಳು ಎಂದರೆ ಬೇಲಿಗೆ ಹಾಕಿದ ಕವಳೆ. ಕಸ ಎಂದರೆ ಚಳ್ಳಕೆರೆ ಕಡೆಯಿಂದ ತರಿಸಿ ಗಿಡದ ಬುಡಕ್ಕೆ ಹಾಸಿದ ಶೇಂಗಾ ಸಿಪ್ಪೆ!

ಈ ತುಂಬೆಯ ವಿಷಯ ಸ್ವಲ್ಪ ಹೇಳಲೇಬೇಕು. ಶಿವರಾತ್ರಿಯ ಬೆಳಗ್ಗೆ ಸಂಘದ ಪದಾಧಿಕಾರಿಗಳ ಮನೆಯವರೇ ಬುಟ್ಟಿ ಹಿಡಿದು ನನ್ನ ಗೇಟಿನ ಮುಂದೆ ನಿಂತಿರುತ್ತಾರೆ. ಶಿವನ ತಲೆಗೆ ಏರುವಾಗ ಹೂವು, ಮರುವಾರ ಅದೇ ಗಿಡ ಕಳೆ. ‘ಹಾವು ಬರುತ್ತೆ ಮೇಡಂ’ ಎಂದರು ತೀರ್ಪುಗಾರರೊಬ್ಬರು. ಹಾವಿಗೆ ಬೇಕಾದದ್ದು ಇಲಿ ಸ್ವಾಮಿ, ತುಂಬೆ ಹೂವಲ್ಲ. ಇಲಿ ಬೇಕಿದ್ದರೆ ಪಾರ್ಕಿನ ಮೂಲೆಯಲ್ಲಿ ಸುರಿದ ಛತ್ರದ ಊಟದೆಲೆಗಳ ಹತ್ತಿರ ಹೋಗಿ ನೋಡಲಿ. ತಂಗಡಿ ಗಿಡಕ್ಕೂ ಅಂಕ ಕಳೆದಿದ್ದಾರೆ, ‘ರಸ್ತೆ ಬದಿಯ ಗಿಡ’ವಂತೆ. ಪಕ್ಕದ ತೆಲಂಗಾಣದವರು ಅದೇ ತಂಗಡಿಯನ್ನು ತಮ್ಮ ರಾಜ್ಯದ ಹೂವು ಮಾಡಿಕೊಂಡಿದ್ದಾರೆ. ಅವರಿಗೇನು, ತೀರ್ಪುಗಾರರ ಮಟ್ಟದ ಸೌಂದರ್ಯಪ್ರಜ್ಞೆ ಇಲ್ಲ ಪಾಪ.

ಮಡಕೆಗಳದ್ದು ಇನ್ನೊಂದು ಕಥೆ. ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತ ಮಡಕೆಗಳನ್ನು ಕಂಡು ಒಬ್ಬರು ‘ಯಾವುದಾದರೂ ಶಾಂತಿ ಮಾಡಿಸಿದ್ದೀರಾ?’ ಎಂದು ಮೆಲ್ಲಗೆ ಕೇಳಿದರು. ಬಣ್ಣ ಬಳಿಯದ ಮಣ್ಣಿನ ಮಡಕೆಗೆ ನೀರು ತುಂಬಿ ಮುಚ್ಚಳ ಹಾಕಿದರೆ, ಸುತ್ತಲ ಮಣ್ಣು ಒಣಗಿದಂತೆ ನೀರು ತಾನಾಗಿ ಜಿನುಗಿ ಬೇರಿಗೆ ಸೇರುತ್ತದೆ. ಮೇಲಿನ ಮಣ್ಣು ಒದ್ದೆಯಾಗುವುದಿಲ್ಲ, ಹಾಗಾಗಿ ಬಿಸಿಲು ಹೀರುವುದಕ್ಕೂ ಏನೂ ಸಿಗುವುದಿಲ್ಲ. ಮೇಲೆ ಶೇಂಗಾ ಸಿಪ್ಪೆಯ ಹೊದಿಕೆ ಇದ್ದರಂತೂ ಏಪ್ರಿಲ್ಲಿನಲ್ಲೂ ಬೆರಳು ಹಾಕಿದರೆ ಕೆಳಗೆ ತಂಪು. ನುಗ್ಗೆ, ಕರಿಬೇವು, ಕಣಗಿಲೆ, ದೊಡ್ಡಪತ್ರೆ, ನೆಲ್ಲಿ ಎಲ್ಲ ಹೀಗೇ ಬದುಕಿವೆ. ಬಚ್ಚಲ ನೀರು ಬಾಳೆಗೆ, ಕೆಸುವಿಗೆ. ಇದನ್ನೆಲ್ಲ ವಿವರಿಸಲು ಹೊರಟರೆ ತೀರ್ಪುಗಾರರು ಗಡಿಯಾರ ನೋಡಿಕೊಂಡರು. ಹುಲ್ಲುಹಾಸಿನ ಮನೆಯಲ್ಲಿ ಬಾದಾಮಿ ಹಾಲು ಕಾಯುತ್ತಿತ್ತಂತೆ.

ಸರಳ ಲೆಕ್ಕ ಹೇಳುತ್ತೇನೆ. ನಮ್ಮೂರ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿಯೇ ಇರಬೇಕಾದರೆ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ನೂರು ಚದರ ಮೀಟರ್ ಹುಲ್ಲಿಗೆ ನಾನೂರರಿಂದ ಐನೂರು ಲೀಟರ್. ಪೈಪ್ ನೀರು ಮತ್ತು ಒಳಚರಂಡಿ ಇರುವ ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಅಷ್ಟು ಕೈಗೆ ಸಿಗುವ ಬೀದಿ ಯಾವುದೋ ಕಾಣೆ. ಮೂರು ಜನರ ಪಾಲಿನ ನೀರು ಕುಡಿದ ಹುಲ್ಲಿಗೆ ಕಪ್, ಬಚ್ಚಲ ನೀರು ಕುಡಿದ ಬಾಳೆಗೆ ಚೀಟಿ.

ಬಹುಮಾನ ಕೊಟ್ಟ ದಿನ ಸಂಘದ ಅಧ್ಯಕ್ಷರು ಮಾಡಿದ ಭಾಷಣವನ್ನು ತಾವೂ ಅಚ್ಚು ಹಾಕಿದ್ದೀರಿ: ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಿದೆ, ಇನ್ನು ನೀರಿಗೆ ಬರವಿಲ್ಲ ಎಂದು. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ. 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು ನಿಜ. ಆ ನೀರಿನಲ್ಲಿ ಭದ್ರೆಯಿಂದ ಎತ್ತಿ ತಂದ ಪಾಲೂ ಇದೆ. ದೂರದ ನದಿಯಿಂದ ಕರೆಂಟು ಸುಟ್ಟು ಎತ್ತಿದ ನೀರನ್ನು ಹುಲ್ಲಿಗೆ ಚಿಮುಕಿಸಬೇಕೇ? ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅಲ್ಲಿ ದಂಡ, ಇಲ್ಲಿ ಬಹುಮಾನ.

ಇದನ್ನು ಬರೆಯುತ್ತಿರುವಾಗಲೇ ಹೊರಗೆ ಟೈಲ್ಸ್ ಕತ್ತರಿಸುವ ಯಂತ್ರ ಕಿರುಚುತ್ತಿದೆ, ಆದ್ದರಿಂದ ಅದನ್ನೂ ಸೇರಿಸಿಬಿಡುತ್ತೇನೆ. ಸ್ಪರ್ಧೆಯ ಗೌರವಾರ್ಥವಾಗಿ ನಮ್ಮ ರಸ್ತೆಯ ಎರಡೂ ಬದಿಗೆ ಸಿಮೆಂಟಿನ ಟೈಲ್ಸ್ ಹಾಸುತ್ತಿದ್ದಾರೆ. ಹಾಸಲಿ, ಬೇಡ ಎನ್ನಲಿಲ್ಲ. ಹೊಂಗೆ ಮರಗಳ ಕಾಂಡಕ್ಕೆ ತಾಗಿಸಿ, ಒಂದು ಅಂಗೈಯಷ್ಟು ಮಣ್ಣೂ ಬಿಡದೆ ಮುಚ್ಚಬೇಕೇ? ಮಳೆನೀರು ಇಂಗುವ ದಾರಿಯನ್ನೂ ಮುಚ್ಚಿದ್ದಾರೆ. ಮೂವತ್ತಕ್ಕೆ ನಲವತ್ತು ಅಡಿಯ ತಾರಸಿಯ ಮೇಲೆ ಒಂದಿಂಚು ಮಳೆ ಬಿದ್ದರೆ ಎರಡೂವರೆ ಸಾವಿರ ಲೀಟರಿಗೂ ಮೇಲೆ ನೀರು. ನನ್ನ ತಾರಸಿಯದ್ದು ಗೇಟಿನ ಪಕ್ಕದ ಇಂಗುಗುಂಡಿಗೆ ಇಳಿಯುತ್ತಿತ್ತು. ಆ ಗುಂಡಿಯ ಮೇಲೂ ಟೈಲ್ಸ್ ಬಿತ್ತು. ಕೇಳಿದರೆ ಗುತ್ತಿಗೆದಾರರ ಹುಡುಗ, ‘ಲೆವೆಲ್ ಬರಬೇಕಲ್ಲ ಅಕ್ಕ’ ಎಂದ. ಮುಂಗಾರಿನ ಮೊದಲ ಮಳೆ ಚರಂಡಿಗೆ, ಮಾರನೇ ಬೇಸಿಗೆಗೆ ಫ್ಲೋರೈಡ್ ತುಂಬಿದ ಬೋರ್‌ವೆಲ್ ಇನ್ನೂ ನೂರು ಅಡಿ ಕೆಳಕ್ಕೆ.

ಮೊದಲ ಬಹುಮಾನದ ತೋಟದ ಬೇಲಿ ಯಾವುದು ಗೊತ್ತೇ? ಕೋನೋಕಾರ್ಪಸ್. ಪರಿಸರಕ್ಕೂ ಆರೋಗ್ಯಕ್ಕೂ ಕೆಡುಕು ಎಂದು ಗುಜರಾತ್ ಸರ್ಕಾರ 2023ರಲ್ಲೇ ಅದನ್ನು ನೆಡುವುದನ್ನು ನಿಷೇಧಿಸಿದೆ. ಅದಕ್ಕೆ ‘ಅಚ್ಚುಕಟ್ಟು’ ವಿಭಾಗದಲ್ಲಿ ಪೂರ್ತಿ ಅಂಕ.

ಇಷ್ಟೂ ನಡೆಯುತ್ತಿರುವುದು ಚಿತ್ರದುರ್ಗದಲ್ಲಿ ಎಂಬುದೇ ನನಗೆ ಹೆಚ್ಚು ನೋವು. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ–ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಮಳೆನೀರು ಇಳಿಯುವಂತೆ ಕಲ್ಲಲ್ಲೇ ದಾರಿ ಮಾಡಿದವರ ಊರು ಇದು. ಹೊರಗಿನಿಂದ ಬಂದವರಿಗೆಲ್ಲ ಗೈಡುಗಳು ಅದನ್ನು ತೋರಿಸುತ್ತಾರೆ. ಬಹುಮಾನ ಕೊಡುವವರನ್ನೂ ಒಂದು ದಿನ ಕರೆದುಕೊಂಡು ಹೋಗಲಿ, ಟಿಕೆಟ್ಟು ನಾನು ಕೊಡಿಸುತ್ತೇನೆ.

ಚೀಟಿಯ ಗಡುವು ಬರುವ ಸೋಮವಾರಕ್ಕೆ ಮುಗಿಯುತ್ತದೆ. ತುಂಬೆ, ಕವಳೆ, ತಂಗಡಿ ಯಾವುದನ್ನೂ ನಾನು ಕೀಳುವುದಿಲ್ಲ. ಮುಚ್ಚಿದ ಇಂಗುಗುಂಡಿಯನ್ನು ಮಾತ್ರ ನಾನೇ ಆಳು ಕರೆಸಿ ತೆಗೆಸುತ್ತೇನೆ; ಸಂಘದವರು ಬೇಕಿದ್ದರೆ ಇನ್ನೊಂದು ಚೀಟಿ ಕಳಿಸಲಿ. ತಮ್ಮಲ್ಲಿ ಕೇಳುವುದು ಇಷ್ಟೇ: ಮುಂದಿನ ವರ್ಷವೂ ಹಸಿರ ಸಿರಿಯ ಫೋಟೊ ಹಾಕುವುದಾದರೆ, ಅದರ ಪಕ್ಕದಲ್ಲೇ ಆ ಮನೆಯ ಮಾರ್ಚ್–ಏಪ್ರಿಲ್ ತಿಂಗಳ ಟ್ಯಾಂಕರ್ ರಸೀದಿಗಳನ್ನೂ ಅಚ್ಚು ಹಾಕಿ.

ಇಂತಿ,
ಕೊನೆಯ ಸ್ಥಾನದ ತೋಟದವಳು,
ಚಿತ್ರದುರ್ಗ