ಹಾಡಿನ ಶಿಫಾರಸು ಯಾರದಾಗಬೇಕು?

ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದದ್ದು 1978ರಲ್ಲಿ. ಆನಂತರದ ಎರಡು ದಶಕಗಳಲ್ಲಿ ಭಾವಗೀತೆಗಳ ಕ್ಯಾಸೆಟ್ಟುಗಳು ಸ್ನೇಹಿತರು, ನೆಂಟರ ನಡುವೆ ಕೈಯಿಂದ ಕೈಗೆ ಸಾಗಿದವು. ‘ಇದನ್ನು ಕೇಳಿ ನೋಡಿ’ ಎಂದು ಕೊಟ್ಟವರ ಅಭಿರುಚಿಯೇ ಅದಕ್ಕೆ ಜಾಮೀನಾಗಿತ್ತು. ಕ್ಯಾಸೆಟ್ಟಿನೊಳಗೆ ಮಡಚಿಟ್ಟ ಕಾಗದದಲ್ಲಿ ಕವಿ, ಸಂಯೋಜಕ, ಗಾಯಕರ ಹೆಸರುಗಳಿರುತ್ತಿದ್ದವು. ಕವನ ಸಂಕಲನ ಕೊಳ್ಳದವರ ಮನೆಗೂ ಕವಿಯ ಹೆಸರು ಹೀಗೆ ತಲುಪುತ್ತಿತ್ತು.

ಇಂದು ಮೊಬೈಲ್ ಆ್ಯಪ್‌ಗಳೇ ಮುಂದಿನ ಹಾಡನ್ನು ಆರಿಸಿಕೊಡುತ್ತವೆ. ಅದರ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ಯಂತ್ರದ ಶಿಫಾರಸಿಗೆ ಮುಖ್ಯ ಆಧಾರ, ನಾವು ಈಗಾಗಲೇ ಕೇಳಿದ್ದು ಮತ್ತು ಬಹುಜನ ಕೇಳುತ್ತಿರುವುದು. ಇನ್ನೂ ಕೇಳುಗರನ್ನು ಪಡೆಯದ ಹೊಸ ಆಲ್ಬಂ ಈ ಲೆಕ್ಕದಲ್ಲಿ ಸುಲಭವಾಗಿ ಹಿಂದೆ ಬೀಳುತ್ತದೆ. ತೆರೆಯ ಮೇಲೆ ಗಾಯಕರ ಹೆಸರು ಎದ್ದು ಕಾಣುತ್ತದೆ. ಕವಿಯ ಹೆಸರನ್ನು ಹಲವು ಬಾರಿ ಹುಡುಕಬೇಕಾಗುತ್ತದೆ. ಸಿನಿಮಾದ ಬೆಂಬಲವಿಲ್ಲದ ಸುಗಮ ಸಂಗೀತಕ್ಕೆ ಈ ಎರಡು ಪೆಟ್ಟುಗಳೂ ಒಟ್ಟಿಗೆ ಬೀಳುತ್ತಿವೆ.

ಯಂತ್ರವನ್ನು ದೂರಿ ಫಲವಿಲ್ಲ. ಆಪ್ತರಿಗೆ ಮೆಚ್ಚಿನ ಹಳೆಯ ಹಾಡೊಂದನ್ನು ಕಳುಹಿಸುವಾಗ ಹೊಸ ಸಂಯೋಜಕರ ಆಲ್ಬಂ ಒಂದನ್ನೂ ಜೊತೆಗೆ ಕಳುಹಿಸೋಣ. ಕವಿ, ಸಂಯೋಜಕರ ಹೆಸರನ್ನೂ ಅದು ಏಕೆ ಹಿಡಿಸಿತೆಂಬುದನ್ನೂ ಒಂದೆರಡು ಸಾಲುಗಳಲ್ಲಿ ಬರೆಯೋಣ. ಕ್ಯಾಸೆಟ್ಟಿನೊಳಗಿನ ಕಾಗದ ಮಾಡುತ್ತಿದ್ದ ಕೆಲಸ ಈಗ ಕೇಳುಗರ ಪಾಲಿಗೆ ಬಂದಿದೆ.